ದಾಖಲಾತಿ ಪುಸ್ತಕದ ಖಾಲಿ ಸಾಲು

ರಂಗೂನ್
೧೪ ಮಾರ್ಚ್ ೧೯೫೨

ಪೂಜ್ಯ ಗುರುಗಳಾದ ಶ್ರೀ ಗಾದಿಲಿಂಗಪ್ಪನವರಿಗೆ ಕುರುಗೋಡಿನ ಉಜ್ಜಿನಪ್ಪನ ಶರಣು.

ತಮಗೆ ಬರೆದು ಎರಡು ವರ್ಷವಾಯಿತು. ಬ್ರೂಸ್‌ಪೇಟೆಯ ಅದೇ ಮನೆಯಲ್ಲಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಗುರುಪತ್ನಿ ಸುವರ್ಣಮ್ಮನವರಿಗೆ ನನ್ನ ನಮಸ್ಕಾರ ತಿಳಿಸಬೇಕು.

ಇಲ್ಲಿ ನಮ್ಮ ರಾಯಭಾರ ಕಚೇರಿಯಲ್ಲಿ ನಾನು ವೈಸ್ ಕಾನ್ಸಲ್. "ನನ್ನ ಮಗ ರಾಜರ ಕೂಡ ಉಣ್ತಾನ" ಎಂದು ಅವ್ವ ಕುರುಗೋಡಿನ ತುಂಬ ಹೇಳಿಕೊಂಡು ಬಂದಿದ್ದಾಳೆಂದು ಕೇಳಿದೆ. ತಾವಾದರೂ ನಿಜ ತಿಳಿದಿರಲಿ. ನಾನು ಅರ್ಜಿ ತೆಗೆದುಕೊಳ್ಳುವ ಮರದ ಕಟಕಟೆಯ ಹಿಂದೆ ಕೂರುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಕ್ಕಿ ಗಿರಣಿಯ ಕೂಲಿಗಳು, ಹಡಗಿನ ಖಲಾಸಿಗಳು, ಗಂಡನನ್ನು ಹುಡುಕಿಕೊಂಡು ಬಂದ ಹೆಂಗಸರು ಸಾಲು ನಿಂತಿರುತ್ತಾರೆ. ನಿನ್ನೆ ತೀರಿಕೊಂಡ ಖಲಾಸಿಯೊಬ್ಬನ ಪೆಟ್ಟಿಗೆ ತೆರೆದು ಪಟ್ಟಿ ಮಾಡಿದೆ. ಎರಡು ಲುಂಗಿ, ಒಂದು ಕನ್ನಡಿ, ಮಗಳಿಗೆ ಬಳೆ ಕೊಳ್ಳಲು ಅವಳ ಕೈಯಳತೆಗೆ ಗಂಟು ಹಾಕಿಟ್ಟುಕೊಂಡಿದ್ದ ದಾರ. ಪಟ್ಟಿಯಲ್ಲಿ "ದಾರ, ಒಂದು" ಎಂದಷ್ಟೇ ಬರೆಯಬೇಕಾಯಿತು.

ಇಲ್ಲಿಯ ಕೂಲಿಗಳಲ್ಲಿ ಬಹಳಷ್ಟು ಜನ ತೆಲುಗರು. ಕಚೇರಿಯಲ್ಲಿ ಅವರ ಮಾತು ನೇರವಾಗಿ ತಿಳಿಯುವವನು ನಾನೊಬ್ಬನೇ. ಬಳ್ಳಾರಿಯ ಅಂಗಡಿ ಸಾಲಿನಲ್ಲಿ ಪುಕ್ಕಟೆ ಕಲಿತ ತೆಲುಗು ಈಗ ನೂರಾರು ಜನರ ಕೆಲಸಕ್ಕೆ ಬರುತ್ತಿದೆ. ನಮ್ಮ ಊರಿಗೆ ನಾನು ದಿನವೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ತಮಗೂ.

ಈಗ ಕೆಲಸದ ಮಾತು. ಓಬಳೇಶ ಎಂಬಾತ ಭಾರತದ ನಾಗರಿಕನೆಂದು ನೋಂದಾಯಿಸಿಕೊಳ್ಳಲು ಅರ್ಜಿ ಕೊಟ್ಟಿದ್ದಾನೆ. ಹುಟ್ಟಿದ್ದು ಕುರುಗೋಡಿನಲ್ಲಿ, ತಾಯಿ ಮೂಕಮ್ಮ ಈಗ ಸಿರುಗುಪ್ಪದಲ್ಲಿದ್ದಾಳೆ. ೧೯೩೮ರಲ್ಲಿ ಇಲ್ಲಿಗೆ ಬಂದವನು. ಯುದ್ಧದ ಬೆಂಕಿಯಲ್ಲಿ ಕಾಗದಗಳೆಲ್ಲ ಸುಟ್ಟುಹೋದವು. ತಾವು ಹೆಡ್‌ಮಾಸ್ಟರರಾಗಿದ್ದಾಗ ಕುರುಗೋಡಿನ ಬೋರ್ಡ್ ಶಾಲೆಯಲ್ಲಿ ೧೯೨೩ರಿಂದ ಮೂರು ವರ್ಷ ಓದಿದ್ದಾಗಿ ಹೇಳುತ್ತಾನೆ. ದಾಖಲಾತಿ ಪುಸ್ತಕದಿಂದ ಇವನ ಹೆಸರಿರುವ ಸಾಲಿನ ನಕಲು ಕಳುಹಿಸಿದರೆ ಮುಂದಿನ ಕ್ರಮ ಕೈಗೊಳ್ಳಲು ಅನುಕೂಲವಾಗುವುದು.

ತಮ್ಮ ವಿಧೇಯ ಶಿಷ್ಯ,
ಉಜ್ಜಿನಪ್ಪ


ಬ್ರೂಸ್‌ಪೇಟೆ, ಬಳ್ಳಾರಿ
೯ ಏಪ್ರಿಲ್ ೧೯೫೨

ಮಾನ್ಯ ವೈಸ್ ಕಾನ್ಸಲ್ ಸಾಹೇಬರಿಗೆ,

ತಮ್ಮ ಪತ್ರ ತಲುಪಿತು. ಇಪ್ಪತ್ತಾರು ದಿನ ತೆಗೆದುಕೊಂಡಿತು. ಅಂಚೆ ಇಲಾಖೆಗೆ ಬೇರೆ ಬರೆದಿದ್ದೇನೆ.

ಸಂವಿಧಾನದ ಒಂದು ಪ್ರತಿ ತರಿಸಿ ಎರಡು ಸಲ ಓದಿದ್ದೇನೆ. ಎಂಟನೆಯ ವಿಧಿಯಲ್ಲಿ ಇರುವುದು ಇಷ್ಟು: ತಾನಾಗಲಿ, ತಂದೆ ತಾಯಿಯಾಗಲಿ, ಅಜ್ಜ ಅಜ್ಜಿಯಾಗಲಿ ಈ ದೇಶದಲ್ಲಿ ಹುಟ್ಟಿದ್ದರೆ, ಹೊರದೇಶದಲ್ಲಿರುವವನು ಅಲ್ಲಿಯ ನಮ್ಮ ಪ್ರತಿನಿಧಿಯ ಬಳಿ ನೋಂದಾಯಿಸಿಕೊಳ್ಳಬಹುದು. ದಾಖಲಾತಿ ಪುಸ್ತಕದ ಮಾತು ಅದರಲ್ಲಿ ಎಲ್ಲಿದೆ, ದಯವಿಟ್ಟು ತೋರಿಸಿಕೊಡಿ. ಕೂಲಿ ಬೇಕಾದಾಗ ಹುಟ್ಟಿದ ಊರಿನ ಪುರಾವೆಯನ್ನು ಯಾರೂ ಕೇಳಲಿಲ್ಲ. ಹಡಗಿಗೆ ಕುರಿಗಳ ಹಾಗೆ ತುಂಬಿ ಕಳುಹಿಸಿದರು. ೧೯೪೨ರಲ್ಲಿ ಬರ್ಮಾದಿಂದ ನಡೆದು ಬಂದವರಿಗೆ ಈ ಊರಿನ ರೈಲು ನಿಲ್ದಾಣದಲ್ಲಿ ಗಂಜಿ ಹಾಕಿದವರಲ್ಲಿ ನಾನೂ ಒಬ್ಬ. ಅವರ ಪಾದಗಳನ್ನು ನೋಡಿದ್ದೇನೆ. ಆಗಲೂ ಒಬ್ಬ ಗುಮಾಸ್ತ ಮೇಜು ಹಾಕಿಕೊಂಡು ಕಾಗದ ಕೇಳುತ್ತಿದ್ದ.

ನಮ್ಮ ಬಳ್ಳಾರಿಯೇ ತಾನು ಕನ್ನಡದ್ದೆಂದು ಮದರಾಸಿನವರಿಗೆ ಸಾಕ್ಷಿ ಒಪ್ಪಿಸುತ್ತ ನಿಂತಿದೆ. ಊರಿನ ಪಾಡೇ ಹೀಗಿರುವಾಗ ಒಬ್ಬ ಕೂಲಿಯ ಪಾಡೇನು ಎಂದು ತಾವು ಕೇಳಬಹುದು. ಆದರೆ ತಾವು ಕುರುಗೋಡಿನವರು, ಮದರಾಸಿನವರಲ್ಲ. ಕುರ್ಚಿ ಸಿಕ್ಕ ಮೇಲೆ ಊರು ಮರೆಯುವವರ ಪಟ್ಟಿಯಲ್ಲಿ ತಮ್ಮ ಹೆಸರು ಸೇರಲಾರದೆಂದು ತಿಳಿದಿದ್ದೆ.

ತಾವು ಕೇಳಿದ ಪುಸ್ತಕ ಗೆದ್ದಲಿನ ಪಾಲಾಗಿದೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಎಲ್ಲ ಹುಡುಗರ ಹೆಸರೂ ನೆನಪಿರುವುದಿಲ್ಲ.

ಇತಿ,
ಗಾದಿಲಿಂಗಪ್ಪ


ರಂಗೂನ್
೨ ಮೇ ೧೯೫೨

ಪೂಜ್ಯ ಗುರುಗಳಿಗೆ ಶರಣು.

ಪತ್ರ ಓದಿ ನಕ್ಕೆ, ಆಮೇಲೆ ಇನ್ನೊಮ್ಮೆ ಓದಿದೆ. ತಾವು ನನ್ನನ್ನು "ಸಾಹೇಬರು" ಎಂದು ಕರೆದದ್ದು ಇದೇ ಮೊದಲು. ಹಳ್ಳ ಬಂದ ದಿನ ಶಾಲೆಗೆ ಯಾರು ಯಾರು ಬರಲಿಲ್ಲವೆಂದು ಇವತ್ತಿಗೂ ಹೇಳಬಲ್ಲವರು ತಾವು. ಹೆಸರು ನೆನಪಿಲ್ಲವೆಂದಿದ್ದೀರಿ. ಇರಲಿ. ಗೆದ್ದಲಿನ ಮೇಲೆ ಕಾನ್ಸಲರ ಅಧಿಕಾರ ನಡೆಯುವುದಿಲ್ಲ.

ಮೊನ್ನೆ ಓಬಳೇಶ ಬಂದಿದ್ದ. ಪುಸ್ತಕ ಸಿಗಲಿಲ್ಲವೆಂದೆ. ಅವನು ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ.

"ಮೇಷ್ಟ್ರು ಅದಾರೇನ್ರಿ ಇನ್ನಾ? ಬದುಕ್ಯಾರಲ್ಲ, ಅಷ್ಟು ಸಾಕು ಬಿಡ್ರಿ. ನನಗ ಅಕ್ಷರ ಕೊಟ್ಟೋರು ಅವ್ರು. ಇಲ್ಲಂದ್ರ ಇನ್ನಾ ಮೂಟಿ ಹೊರತಿದ್ದೆ. ಗಿರಣ್ಯಾಗ ಚೀಟಿ ಬರಿಯೋ ಕೆಲಸ ಸಿಕ್ಕಿದ್ದು ಅವ್ರಿಂದ" ಎಂದ.

ಅವನ ಕಷ್ಟ ಇಷ್ಟು. ಹೆಂಡತಿ ಇಲ್ಲಿಯವಳು, ಒಂದು ಮಗುವಿದೆ. ಕಾಗದವಿಲ್ಲದೆ ಊರಿಗೆ ಹೋದರೆ ಇವರ ಬಳಿಗೆ ಹಿಂದಿರುಗಲು ಬಿಡುವುದಿಲ್ಲ. ಅತ್ತ ತಾಯಿಯ ಕಣ್ಣು ಮಂಜಾಗುತ್ತಿದೆ; ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಹೇಳಿದ್ದಾರಂತೆ. "ಪೂರಾ ಕತ್ತಲಾಗೋದ್ರಾಗ ಮಾರಿ ತೋರಿಸಿ ಹೋಗು" ಎಂದು ಯಾರ ಕೈಲೋ ಕಾರ್ಡು ಬರೆಸಿದ್ದಾಳೆ. ಆ ಕಾರ್ಡನ್ನು ಅವನು ಪ್ರತಿ ಸಲವೂ ತಂದು ಕಟಕಟೆಯ ಮೇಲೆ ಇಡುತ್ತಾನೆ. ಅದೇ ಪುರಾವೆಯೆಂದು ಅವನ ನಂಬಿಕೆ.

ಪುಸ್ತಕವಿಲ್ಲದಿದ್ದರೆ, ಬಲ್ಲವರು ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಪ್ರಮಾಣಪತ್ರವನ್ನು ಪರಿಶೀಲಿಸಬಹುದು. ನೆನಪಿದ್ದವರು ಯಾರಾದರೂ ಇದ್ದರೆ ತಾವು ತಿಳಿಸಬೇಕು.

ವಿಧೇಯ,
ಉಜ್ಜಿನಪ್ಪ


ಬ್ರೂಸ್‌ಪೇಟೆ, ಬಳ್ಳಾರಿ
೧೮ ಆಗಸ್ಟ್ ೧೯೫೨

ಚಿರಂಜೀವಿ ಉಜ್ಜಿನಪ್ಪನಿಗೆ ಆಶೀರ್ವಾದ.

ಗೆದ್ದಲಿನ ಮಾತು ಸುಳ್ಳು.

ಇದನ್ನು ಬರೆಯಲು ಮೂರೂವರೆ ತಿಂಗಳು ಬೇಕಾಯಿತು. ಈ ನಡುವೆ ಪತ್ರಿಕೆಗಳಿಗೆ ಏಳು ಪತ್ರ ಬರೆದೆ. ಪುರಸಭೆಯ ನಲ್ಲಿಯ ಬಗ್ಗೆ, ಬಸ್ಸಿನವರ ದರ್ಪದ ಬಗ್ಗೆ, ರಾಜ್ಯದ ಗಡಿಯ ಬಗ್ಗೆ. ಬೇರೆಯವರ ತಪ್ಪು ಬರೆಯಲು ನನ್ನ ಪೆನ್ನು ಎಂದೂ ನಿಂತದ್ದಿಲ್ಲ. ಒಂದು ದಿನ ಸುವರ್ಣಮ್ಮ, "ರಂಗೂನಿನ ಕಾಗದಕ್ಕ ಉತ್ತರ ಬಿಟ್ಟು ಊರಿಗೆಲ್ಲಾ ಬರದ್ರಿ" ಎಂದಳು. ಮಾರನೆಯ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿದೆ.

ಈಗಿನ ಹೆಡ್‌ಮಾಸ್ಟರ್ ಚಂದ್ರಣ್ಣ ನನ್ನ ಶಿಷ್ಯನೇ. ಪುಸ್ತಕವನ್ನು ಬೇವಿನ ಸೊಪ್ಪು ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಾನೆ. ೧೯೨೩ರ ಪುಟ ತೆಗೆದೆ. ನಿನ್ನ ಹೆಸರು ಇದೆ. ಅದರ ಕೆಳಗೆ ಒಂದು ಸಾಲು ಖಾಲಿ.

ಆ ಸಾಲನ್ನು ಖಾಲಿ ಬಿಟ್ಟವನು ನಾನು. ಓಬಳೇಶ ಹರಿಜನ ಕೇರಿಯ ಹುಡುಗ. ತಾಯಿ ಕೈ ಹಿಡಿದು ಕರೆತಂದ ದಿನವೇ ಶಾಲೆಯ ಸಮಿತಿಯ ಹಿರಿಯ ಮೈಲಾರಲಿಂಗಪ್ಪ ಬಂದು ನಿಂತ. "ಜಗಲಿ ಮ್ಯಾಲ ಬೇಕಾದ್ರ ಕೂಡಸ್ಕೊಳ್ರಿ, ನಾವು ನೋಡಿಲ್ಲ ಅಂತೀವಿ. ಪುಸ್ತಕದಾಗ ಬರದ್ರಿ ಅಂದ್ರ ನಮ್ಮ ಹುಡುಗ್ರನ್ನ ಇವತ್ತ ಬಿಡಸ್ತೀವಿ" ಎಂದ. ಈ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕೆಂಬ ಸರ್ಕಾರದ ಆದೇಶ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ತೆಗೆದು ತೋರಿಸಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಬರೆದರಾಯಿತೆಂದು ಸಾಲು ಬಿಟ್ಟೆ. ಗಲಾಟೆ ತಣ್ಣಗಾಯಿತು. ನಾನು ಬರೆಯಲಿಲ್ಲ. ಮೂರು ವರ್ಷ ಆ ಹುಡುಗ ಕಿಟಕಿಯ ಹೊರಗೆ ಕುಳಿತು ಕಲಿತ. ಅದನ್ನು ನನ್ನ ಔದಾರ್ಯವೆಂದೇ ಇಷ್ಟು ಕಾಲ ನೆನೆಸಿಕೊಂಡು ಬಂದಿದ್ದೆ.

ಚಂದ್ರಣ್ಣ ಒಳ್ಳೆಯವನು. ನನ್ನ ಮುಖ ನೋಡಿ ಮಸಿ ಕುಡಿಕೆ ಮುಂದಿಟ್ಟ. "ಸಾಲು ಖಾಲಿ ಐತಲ್ರಿ ಸರ್. ಅಕ್ಷರ ನಿಮ್ಮದ, ಪುಸ್ತಕ ನಿಮ್ಮ ಕಾಲದ್ದ. ಒಣಗಿದ ಮ್ಯಾಲ ಒಂಚೂರು ಚಹಾ ಒರಸಿದ್ರ ಹಳೇದು ಕಾಣತೈತಿ. ಯಾರು ಕೇಳ್ತಾರ?"

ಪೆನ್ನನ್ನು ಅದ್ದಿದೆ, ಉಜ್ಜಿನಪ್ಪ. ಸುಳ್ಳು ಹೇಳುವುದಿಲ್ಲ. ಹೆಸರು ಬರೆಯಲು ಹೋದವನಿಗೆ ಪಕ್ಕದ ಜನ್ಮದಿನಾಂಕದ ಕಾಲಮು ಕಂಡಿತು. ಮೇಲಿನ ಇಪ್ಪತ್ತಮೂರು ಹುಡುಗರೂ ಜೂನ್ ಒಂದನೆಯ ತಾರೀಖೇ ಹುಟ್ಟಿದ್ದರು. ಯಾವ ತಾಯಿಗೂ ಇಂಗ್ಲಿಷ್ ತಾರೀಖು ಗೊತ್ತಿರಲಿಲ್ಲ, ಕೇಳುವ ತಾಳ್ಮೆ ನನಗಿರಲಿಲ್ಲ. ಹುಡುಗನ ಹಲ್ಲು ನೋಡಿ ವರ್ಷ ಹಾಕುತ್ತಿದ್ದೆ. ನಿನ್ನದೂ ಹಾಗೆಯೇ. ಸರ್ಕಾರ ನಿನ್ನನ್ನು ರಂಗೂನಿಗೆ ಕಳುಹಿಸಿದ್ದು ನಾನು ಕಟ್ಟಿದ ಒಂದು ಹುಟ್ಟುಹಬ್ಬದ ಬಲದ ಮೇಲೆ. ನನ್ನ ಸುಳ್ಳಿಗೆ ಮೊಹರು ಬಿದ್ದಿದೆ. ಆ ಹುಡುಗನ ನಿಜಕ್ಕೆ ಒಂದು ಚೂರು ಕಾಗದವಿಲ್ಲ. ಈಗ ಅವನಿಗೂ ಒಂದು ಸುಳ್ಳನ್ನೇ ಕೊಡಲೇ ಎನ್ನಿಸಿತು. ಪೆನ್ನು ಒರೆಸಿ ಇಟ್ಟೆ.

ಅಲ್ಲಿಂದ ಸಿರುಗುಪ್ಪಕ್ಕೆ ಹೋದೆ. ಮೂಕಮ್ಮ ಬಾಗಿಲಲ್ಲಿ ಕುಳಿತು ಅಕ್ಕಿಯ ನುಚ್ಚನ್ನು ಕೈಬೆರಳಿನಿಂದ ತಡವಿ ಕಲ್ಲು ಆರಿಸುತ್ತಿದ್ದಳು. ಹೆಸರು ಹೇಳಿ, ರಂಗೂನಿನ ಕಾಗದದ ವಿಷಯ ತಿಳಿಸಿದೆ.

"ಕುರುಗೋಡು ಮೇಷ್ಟ್ರೇನ್ರಿ? ಅಯ್ಯ, ನಮ್ಮನಿಗೆ ಬರಾಕ ನಿಮಗ ರಂಗೂನಿಂದ ಕಾಗದ ಬರಬೇಕಾತು ನೋಡ್ರಿ!" ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಪುಸ್ತಕದಲ್ಲಿ ಹೆಸರು ಬರೆಯದ ವಿಷಯ ಹೇಳಿದೆ.

"ಗೊತ್ತೈತ್ರಿ" ಎಂದಳು. "ಹೆಸರು ಕೂಗೋ ಹೊತ್ನ್ಯಾಗ ನನ್ನ ಹೆಸರು ಕೂಗಂಗಿಲ್ಲವ್ವಾ ಅಂತ ಮನಿಗೆ ಬಂದು ಅಳತಿದ್ದ. ನಿನ್ನ ಹೆಸರು ಮೇಷ್ಟ್ರಿಗೆ ಬಾಯಿಪಾಠ ಆಗೈತಿ, ಅದಕ್ಕ ಕೂಗಂಗಿಲ್ಲ ಅಂತ ಹೇಳಿದ್ದೆ. ನಂಬಿದ."

ಮಗ ಹುಟ್ಟಿದ್ದು ಯಾವಾಗ ಎಂದೆ. ಇಪ್ಪತ್ತೊಂಬತ್ತು ವರ್ಷ ತಡವಾಗಿ ಕೇಳಿದ ಪ್ರಶ್ನೆ. ಅವಳು ತಡವರಿಸಲಿಲ್ಲ. "ಬಳ್ಳಾರಿ ದಂಡು ದೊಡ್ಡ ಯುದ್ಧಕ್ಕ ಹೋದ ಮರುವರ್ಷ, ಎಳ್ಳಮಾಸಿ ದಿನ. ಎಲ್ಲಾರೂ ಭೂಮ್ತಾಯಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಿದ್ರು. ನಾನು ಒಬ್ಬಾಕಿ ಇದ್ದೆ."

ಮನೆಗೆ ಬಂದು ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿದೆ. ರಾಕ್ಷಸ ಸಂವತ್ಸರದ ಎಳ್ಳಮಾವಾಸ್ಯೆ, ಬುಧವಾರ, ೫ ಜನವರಿ ೧೯೧೬. ಆ ತರಗತಿಯಲ್ಲಿ ನಿಜವಾದ ಹುಟ್ಟಿದ ದಿನ ಇರುವವನು ಅವನೊಬ್ಬನೇ.

ಇದೆಲ್ಲವನ್ನೂ, ಡ್ರಾಯರಿನಲ್ಲಿದ್ದ ಆದೇಶವನ್ನೂ ಬಿಡದೆ, ಸ್ಟಾಂಪ್ ಕಾಗದದ ಮೇಲೆ ಬರೆದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದ್ದೇನೆ. ಇದರ ಜೊತೆಗಿದೆ. ಮೂಕಮ್ಮನ ಹೆಬ್ಬೆಟ್ಟಿನ ಹೇಳಿಕೆಯೂ ಇದೆ. ಓಬಳೇಶ ಇದನ್ನು ಓದಲಿ. ಆಮೇಲೆ ಅವನು ನನ್ನನ್ನು ನೆನೆಯದಿದ್ದರೂ ಸರಿ.

ನಿನ್ನನ್ನು ಸಾಹೇಬನೆಂದು ಹಂಗಿಸಿದ್ದಕ್ಕೆ ನಾಚಿಕೆಯಾಗಿದೆ.

ಗಾದಿಲಿಂಗಪ್ಪ


ರಂಗೂನ್
೧೨ ಸೆಪ್ಟೆಂಬರ್ ೧೯೫೨

ಪೂಜ್ಯ ಗುರುಗಳಿಗೆ ಸಾಷ್ಟಾಂಗ ಶರಣು.

ತಮ್ಮ ಕಾಗದವನ್ನು ಕಚೇರಿಯಲ್ಲಿ ಓದಲಾರದೆ ಮನೆಗೆ ತಂದು ಓದಿದೆ. ನಾಚಿಕೆಯ ಮಾತು ಬಂದರೆ ನನ್ನ ಪಾಲೂ ಇದೆ.

ಓಬಳೇಶ ಮೊದಲ ದಿನ ಕಟಕಟೆಗೆ ಬಂದಾಗಲೇ ನನಗೆ ಗುರುತು ಸಿಕ್ಕಿತ್ತು. ಅವನಿಗೂ. "ಉಜ್ಜಿನಪ್ಪ ಅಲ್ಲೇನ್ರಿ? ಕಿಟಕಿ ಬಾಜೂಕ ಕೂಡತಿದ್ರಲ್ಲ?" ಎಂದು ಕೇಳಿದ. ಸುತ್ತ ಗುಮಾಸ್ತರಿದ್ದರು. ನಾನು "ನಿಮ್ಮ ಕಾಗದಪತ್ರ ಎಲ್ಲಿ?" ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಮುಂದೆ ಪ್ರತಿ ಸಲವೂ "ಸಾಹೇಬ್ರ" ಎಂದೇ ಕರೆದ.

ನನ್ನದೊಂದು ನೆಪವಿದೆ, ಸುಳ್ಳು ನೆಪವೇನೂ ಅಲ್ಲ. ಕಡತ ತೀರ್ಮಾನಿಸುವವನೇ ಅದರಲ್ಲಿ ಸಾಕ್ಷಿಯಾಗಬಾರದು. ತಮಗೆ ಬರೆದ ಪತ್ರಗಳ ನಕಲು ಕಡತಕ್ಕೆ ಸೇರುತ್ತಿದ್ದವು. "ನಮ್ಮ ಓಬಳೇಶ, ನೆನಪಿದೆಯಲ್ಲ?" ಎಂದು ಬರೆದಿದ್ದರೆ ತಮ್ಮ ಸಾಕ್ಷಿಯನ್ನು ನಾನೇ ಹೇಳಿಕೊಟ್ಟ ಹಾಗಾಗುತ್ತಿತ್ತು. ಹಾಗಾಗಿ ಪರಕೀಯನ ಹಾಗೆ ಬರೆದೆ. ತಾವು ಅದನ್ನು ಕುರ್ಚಿಯ ಮದವೆಂದು ತಿಳಿದಿರಿ. ತಿಳಿಯದೆ ಇನ್ನೇನು ಮಾಡುತ್ತೀರಿ? ಆದರೆ ನಿಯಮದ ಮರೆಯಲ್ಲಿ ನಿಲ್ಲುವುದು ನನಗೆ ಹಿತವಾಗಿಯೂ ಇತ್ತು.

ತಮ್ಮ ಪ್ರಮಾಣಪತ್ರವನ್ನು ನಮ್ಮ ಹಿರಿಯ ಅಧಿಕಾರಿಗಳಿಗೆ ತೋರಿಸಿದೆ. ಎರಡು ಸಲ ಓದಿ, "ತನ್ನ ಮೇಲೆಯೇ ತಪ್ಪು ಹೊರಿಸಿಕೊಂಡು ಬರೆದ ಸಾಕ್ಷಿಯನ್ನು ನಾನು ನಂಬುತ್ತೇನೆ. ಆದರೆ ಪುಸ್ತಕದಲ್ಲಿ ಹೆಸರಿಲ್ಲವಲ್ಲ. ಇವನನ್ನು ಕಣ್ಣಾರೆ ಕಂಡ ಇನ್ನೊಬ್ಬರು ಬೇಕು" ಎಂದರು.

ಆ ಇನ್ನೊಬ್ಬ ಅವರ ಮುಂದೆಯೇ ನಿಂತಿದ್ದ. ಹೇಳಿದೆ. ಆರು ತಿಂಗಳಿಂದ ಏಕೆ ಹೇಳಲಿಲ್ಲ ಎಂದು ಕೇಳಿದರು. ಕಡತವನ್ನು ಅವರೇ ತೆಗೆದುಕೊಂಡರು. ಹಾಗಾಗಿ ಈ ಪತ್ರದ ನಕಲು ಎಲ್ಲಿಯೂ ಸೇರುವುದಿಲ್ಲ. ನಾನು ಕಟಕಟೆಯ ಆಚೆ ಕಡೆ ಬಂದು, ಓಬಳೇಶನ ಪಕ್ಕದಲ್ಲಿ ನಿಂತು, ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದೆ. ಆ ಕಡೆಯಿಂದ ನಮ್ಮ ಕಟಕಟೆ ಎಷ್ಟು ಎತ್ತರವಾಗಿ ಕಾಣುತ್ತದೆಂದು ಇವತ್ತಿನವರೆಗೂ ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಓಬಳೇಶ, "ಈಗರ ನೆನಪಾತೇನಪ್ಪಾ?" ಎಂದ. ಏಕವಚನದಲ್ಲಿ. ನನಗೆ ಎಷ್ಟು ಹಗುರವಾಯಿತೆಂದರೆ ಹೇಳಲಾರೆ.

ಪ್ರಮಾಣಪತ್ರವನ್ನು ಅವನು ಓದಿದ್ದಾನೆ. ಮಡಚಿ ವಾಪಸು ಕೊಟ್ಟ.

ತಮ್ಮ,
ಉಜ್ಜಿನಪ್ಪ


ರಂಗೂನ್
೨೦ ನವೆಂಬರ್ ೧೯೫೨

ಪೂಜ್ಯ ಗುರುಗಳಿಗೆ ಶರಣು.

ಇವತ್ತು ಓಬಳೇಶನ ಹೆಸರು ನೋಂದಣಿಯಾಯಿತು. ಹುಟ್ಟಿದ ಊರು ಕುರುಗೋಡು, ಹುಟ್ಟಿದ ದಿನ ೫ ಜನವರಿ ೧೯೧೬. ಪಾಸ್‌ಪೋರ್ಟೂ ಸಿಗುತ್ತದೆ. ಜನವರಿಯಲ್ಲಿ ಮದರಾಸಿನ ಹಡಗು ಹತ್ತುತ್ತಾನೆ. ರೈಲಿನಲ್ಲಿ ಗುಂತಕಲ್ಲಿನ ಮೇಲೆ ಬಳ್ಳಾರಿಗೆ ಬರುತ್ತಾನೆ.

ಅವನ ಮಾತು ಕಡಿಮೆಯಾಗಿದೆ. ತಮ್ಮ ವಿಷಯ ಎತ್ತಿದರೆ "ಊರಿಗೆ ಹೋಗಿ ಮಾತಾಡ್ತೀನಿ" ಎನ್ನುತ್ತಾನೆ. ಯಾವ ಮಾತೋ ನನಗೆ ತಿಳಿಯದು.

ಉಜ್ಜಿನಪ್ಪ


ಬ್ರೂಸ್‌ಪೇಟೆ, ಬಳ್ಳಾರಿ
೨೨ ಫೆಬ್ರವರಿ ೧೯೫೩

ಚಿರಂಜೀವಿ ಉಜ್ಜಿನಪ್ಪನಿಗೆ ಅನೇಕ ಆಶೀರ್ವಾದ.

ಓಬಳೇಶ ಕ್ಷೇಮವಾಗಿ ಬಂದ. ನಿಲ್ದಾಣಕ್ಕೆ ನಾನೇ ಹೋಗಿದ್ದೆ. ಗಾಡಿ ಎರಡು ಗಂಟೆ ತಡ. ಸ್ಟೇಷನ್ ಮಾಸ್ಟರನಿಗೆ ಎರಡು ಮಾತು ಹೇಳೋಣವೆಂದು ಎದ್ದವನು ಸುಮ್ಮನೆ ಕುಳಿತೆ. ಅವತ್ತು ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ನನಗೆ ಗೊತ್ತಿದ್ದವನು ಏಳೆಂಟು ವರ್ಷದ ಹುಡುಗ. ಇಳಿದವನು ತಲೆ ನರೆಯುತ್ತಿದ್ದ ಗಂಡಸು. ನಮಸ್ಕಾರ ಮಾಡಿದ. ಸಿರುಗುಪ್ಪದ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತು ಹೋದೆವು. ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದ.

ಮೂಕಮ್ಮನ ಎಡಗಣ್ಣು ದೀಪಾವಳಿಯ ಹೊತ್ತಿಗೆ ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಒಂದಿಷ್ಟು ಬೆಳಕಿತ್ತು. ಮಗನ ಕೈ ಹಿಡಿದುಕೊಂಡು, "ಇಲ್ಲಿ ಕಾಣಂಗಿಲ್ಲ, ಬಿಸಲಿಗೆ ಬಾರಲೇ" ಎಂದು ಅಂಗಳಕ್ಕೆ ಎಳೆದು ತಂದಳು. ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ನಮ್ಮಪ್ಪನ ಮೂಗೈತಿ. ಇಷ್ಟು ಕರ್ರಗ ಯಾಕಾಗೀದಿ, ಆ ಊರಾಗ ನೆಳ್ಳಿಲ್ಲೇನು?" ಎಂದಳು. ಅವನು ಅವಳ ಕಾಲ ಬಳಿ ಕುಳಿತ. ನಾನು ಬೀದಿಗೆ ಬಂದು ನಿಂತೆ. ಏಪ್ರಿಲ್‌ನಲ್ಲಿ ನಾನು ನಿಜ ಬರೆದಿದ್ದರೆ ಅವಳು ಎರಡು ಕಣ್ಣಿನಿಂದ ನೋಡುತ್ತಿದ್ದಳು. ಆ ಲೆಕ್ಕ ನನ್ನೊಬ್ಬನದು, ಅದರಲ್ಲಿ ನಿನಗೆ ಪಾಲಿಲ್ಲ. ಆದರೂ ಒಂದು ಕಣ್ಣಾದರೂ ಉಳಿದಿತ್ತಲ್ಲ ಎಂದು ಅವತ್ತು ಬೀದಿಯಲ್ಲಿ ನಿಂತು ಯಾರಿಗೆಂದು ತಿಳಿಯದೆ ಕೈ ಮುಗಿದೆ.

ಎಂಟು ದಿನ ಬಿಟ್ಟು, ನಿನ್ನೆ, ಅವನೇ ಬ್ರೂಸ್‌ಪೇಟೆಗೆ ಬಂದ. ಒಳಗೆ ಕರೆದೆ. ಕುಳಿತ. ನಾನು ಅಷ್ಟೂ ದಿನ ಕಟ್ಟಿಟ್ಟುಕೊಂಡಿದ್ದ ಮಾತು ಶುರು ಮಾಡಿದೆ. ಅವನು ಕೈ ಎತ್ತಿ ನಿಲ್ಲಿಸಿದ.

"ಮೇಷ್ಟ್ರೇ, ನಾನು ಒಂದು ಮಾತು ಹೇಳಾಕ ಬಂದೀನಿ, ಹೇಳಿ ಮುಗಿಸ್ತೀನಿ. ನೀವು ಕಲಿಸಿದ್ರಿ. ಅದಕ್ಕ ನಾನು ಸಾಯೋತನಕ ನಿಮ್ಮನ್ನ ನೆನಿತೀನಿ. ಹೆಸರು ಬರೀಲಿಲ್ಲ. ಅದನ್ನ ನಾನು ಮರಿಯಂಗಿಲ್ಲ. ಮಾಫಿ ಮಾಡೀನಿ ಅಂತ ಬಾಯಿಮಾತಿಗೆ ಹೇಳಂಗಿಲ್ಲ. ನೀವು ಕೇಳಬ್ಯಾಡ್ರಿ. ಎರಡೂ ಇರಲಿ."

"ಇರಲಿ" ಎಂದೆ.

ನನ್ನ ಶಿಷ್ಯರು ಎಷ್ಟೋ ಜನ ಬಂದು ಕಾಲಿಗೆ ಬಿದ್ದು ಹೋಗಿದ್ದಾರೆ. ನನ್ನನ್ನು ಸಮಕ್ಕೆ ಸಮ ಕೂರಿಸಿಕೊಂಡು ಲೆಕ್ಕ ಒಪ್ಪಿಸಿದವನು ಇವನೊಬ್ಬನೇ. ಉಜ್ಜಿನಪ್ಪ, ನೀನು ನನಗೆ ಆ ಮೊದಲ ಪತ್ರವನ್ನು ಬರೆಯದಿದ್ದರೆ ನಾನು ಇದನ್ನು ಕೇಳದೆಯೇ ಸಾಯುತ್ತಿದ್ದೆ. ನಿನಗೆ ಹೇಗೆ ಕೃತಜ್ಞತೆ ಹೇಳಲಿ?

ಹೊರಡಲು ಎದ್ದವನನ್ನು ಸುವರ್ಣಮ್ಮ ಬಿಡಲಿಲ್ಲ. "ಉಣ್ಣೋ ಹೊತ್ತಿನ್ಯಾಗ ಎಲ್ಲಿಗೆ ಹೊಂಟಿ? ಕೂಡು" ಎಂದಳು. ಅಡುಗೆಮನೆಯಲ್ಲಿ ಇಬ್ಬರಿಗೂ ಪಕ್ಕದಲ್ಲೇ ತಾಟು ಹಾಕಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅವನು ತಲೆ ತಗ್ಗಿಸಿ ಉಂಡ. ಮೂರನೆಯ ರೊಟ್ಟಿ ಮುಗಿದಾಗ ಅವಳು, "ಇನ್ನೊಂದು ಹಾಕಲೇನಪ್ಪಾ?" ಎಂದಳು.

"ಹಾಕ್ರಿ ಅವ್ವಾ" ಎಂದ. "ಹದಿನೈದು ವರ್ಷ ಬರೇ ಅನ್ನ ಉಂಡೀನಿ."

ಗಾದಿಲಿಂಗಪ್ಪ